396 ಕಿಲೋಮೀಟರಿಗೆ ಒಂದೂಕಾಲು ಗಂಟೆ ಏಕೆ? ಎರಡು ಸಣ್ಣ ವಿಮಾನ ನಿಲ್ದಾಣಗಳ ನಡುವಿನ ದೂರ ಮತ್ತು ಸಮಯದ ಲೆಕ್ಕ

ಎರಡು ವಿಮಾನ ನಿಲ್ದಾಣಗಳ ಹೆಸರನ್ನು ಅಂತರ್ಜಾಲದ ಯಾವುದಾದರೂ ದೂರ ಲೆಕ್ಕಕದಲ್ಲಿ ಬರೆದರೆ ಕ್ಷಣಮಾತ್ರದಲ್ಲಿ ಎರಡು ಉತ್ತರಗಳು ಬರುತ್ತವೆ: ದೂರ ಇಷ್ಟು ಕಿಲೋಮೀಟರ್, ಹಾರಾಟದ ಅವಧಿ ಇಷ್ಟು ನಿಮಿಷ. ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕುಳಿತಿರುವ ಕಾರಣ ಎರಡನ್ನೂ ನಾವು ಒಂದೇ ಮಟ್ಟದ ನಂಬಿಕೆಯಿಂದ ಓದುತ್ತೇವೆ. ಆದರೆ ಮೊದಲನೆಯದು ಭೂಮಿಯ ಮೇಲೆ ನಿಜಕ್ಕೂ ಇರುವ ಒಂದು ಅಳತೆ. ಎರಡನೆಯದು ಆ ಅಳತೆಯನ್ನು ಒಂದು ಊಹಿತ ವೇಗದಿಂದ ಭಾಗಿಸಿ, ಮೇಲೊಂದಿಷ್ಟು ನಿಮಿಷ ಸೇರಿಸಿ ಪಡೆದ ಅಂದಾಜು. ಸಾವಿರಾರು ಕಿಲೋಮೀಟರಿನ ಖಂಡಾಂತರ ಮಾರ್ಗಗಳಲ್ಲಿ ಈ ಅಂದಾಜು ಹೇಗೋ ನಡೆದುಹೋಗುತ್ತದೆ. ಮುನ್ನೂರು, ನಾನೂರು ಕಿಲೋಮೀಟರಿನ ಪ್ರಾದೇಶಿಕ ಮಾರ್ಗಗಳಲ್ಲಿ ಅದು ಎಡವುತ್ತದೆ, ಏಕೆಂದರೆ ಅಲ್ಲಿ ಸಮಯವನ್ನು ನಿರ್ಧರಿಸುವುದು ನಡುವಿನ ದೂರಕ್ಕಿಂತ ಹೆಚ್ಚಾಗಿ ಎರಡು ತುದಿಗಳಲ್ಲಿ ನಡೆಯುವ ಕೆಲಸ.

ಲೆಕ್ಕವನ್ನು ಕೈಯಲ್ಲಿ ಹಿಡಿದು ನೋಡಲು ಒಂದು ಕಾಲ್ಪನಿಕ ಜೋಡಿಯನ್ನು ತೆಗೆದುಕೊಳ್ಳೋಣ. ಮೊದಲ ನಿಲ್ದಾಣ 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಎರಡನೆಯದು 17 ಡಿಗ್ರಿ ಉತ್ತರದಲ್ಲಿದೆ. ರೇಖಾಂಶದಲ್ಲಿ ಎರಡಕ್ಕೂ 2 ಡಿಗ್ರಿ ವ್ಯತ್ಯಾಸವಿದೆ. ಉತ್ತರ ದಕ್ಷಿಣವಾಗಿ ಒಂದು ಡಿಗ್ರಿ ಎಂದರೆ ಭೂಮಿಯ ಮೇಲೆ ಎಲ್ಲಿಯಾದರೂ ಸುಮಾರು 111 ಕಿಲೋಮೀಟರ್. ಹಾಗಾಗಿ ಮೂರು ಡಿಗ್ರಿಗೆ ಸುಮಾರು 334 ಕಿಲೋಮೀಟರ್ ಆಯಿತು. ಪೂರ್ವ ಪಶ್ಚಿಮದ ಡಿಗ್ರಿ ಇಷ್ಟು ಸರಳವಲ್ಲ. ರೇಖಾಂಶದ ಗೆರೆಗಳೆಲ್ಲ ಧ್ರುವಗಳಲ್ಲಿ ಹೋಗಿ ಸೇರುವುದರಿಂದ ಅವುಗಳ ನಡುವಿನ ಅಂತರ ಸಮಭಾಜಕದಲ್ಲಿ ಅತಿ ಹೆಚ್ಚು, ಧ್ರುವದಲ್ಲಿ ಸೊನ್ನೆ. ಇದಕ್ಕಾಗಿ 111ನ್ನು ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. ನಮ್ಮ ಜೋಡಿಯ ನಡುವಣ ಅಕ್ಷಾಂಶ 15.5 ಡಿಗ್ರಿ, ಅದರ ಕೊಸೈನ್ ಸುಮಾರು 0.964. ಆದ್ದರಿಂದ ಎರಡು ಡಿಗ್ರಿಗೆ 214 ಕಿಲೋಮೀಟರ್. ಈ ಎರಡನ್ನು ಲಂಬಕೋನ ತ್ರಿಭುಜದ ಎರಡು ಬಾಹುಗಳೆಂದು ಭಾವಿಸಿ ಕರ್ಣವನ್ನು ಕಂಡುಹಿಡಿದರೆ ಸಿಗುವುದು 396 ಕಿಲೋಮೀಟರ್. ಶಾಲೆಯ ಗಣಿತವಷ್ಟೇ. ಗೋಳದ ಮೇಲೆ ದೂರ ಕಂಡುಹಿಡಿಯಲು ಬಳಸುವ ಹ್ಯಾವರ್‌ಸೈನ್ ಸೂತ್ರಕ್ಕೆ ಇದೇ ಅಂಕಿಗಳನ್ನು ಕೊಟ್ಟರೂ ಉತ್ತರ 396ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ದೂರ ಹೆಚ್ಚಿದಂತೆ ಈ ಸಪಾಟು ತ್ರಿಭುಜ ಕೈಕೊಡುತ್ತದೆ ಮತ್ತು ಮಹಾವೃತ್ತದ ಅಗತ್ಯ ಬೀಳುತ್ತದೆ. ಭೂಮಿಯ ಕೇಂದ್ರದ ಮೂಲಕ ಹಾದುಹೋಗುವಂತೆ ಗೋಳವನ್ನು ಕತ್ತರಿಸಿದಾಗ ಮೇಲ್ಮೈಯಲ್ಲಿ ಮೂಡುವ ಗೆರೆಯೇ ಮಹಾವೃತ್ತ. ಎರಡು ಸ್ಥಳಗಳ ನಡುವಿನ ಅತಿ ಹತ್ತಿರದ ದಾರಿ ಯಾವಾಗಲೂ ಇದರ ಮೇಲಿರುತ್ತದೆ. 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಭೂಮಿಯ ಆ ಬದಿಗೊಂದು ಈ ಬದಿಗೊಂದು ಎಂಬಂತೆ 180 ಡಿಗ್ರಿ ರೇಖಾಂಶದ ಅಂತರದಲ್ಲಿ ಎರಡು ಊರುಗಳಿವೆ ಎಂದುಕೊಳ್ಳಿ. ಅಕ್ಷಾಂಶದ ಗೆರೆಯನ್ನೇ ಹಿಡಿದು ಪೂರ್ವಕ್ಕೆ ಹೋದರೆ ಸುಮಾರು 10,000 ಕಿಲೋಮೀಟರ್ ಆಗುತ್ತದೆ. ಉತ್ತರ ಧ್ರುವದ ಮೇಲಿಂದ ದಾಟಿದರೆ 6,670 ಕಿಲೋಮೀಟರಿಗೇ ಮುಗಿಯುತ್ತದೆ. ಗೋಡೆಯ ನಕ್ಷೆಯಲ್ಲಿ ವಿಮಾನಮಾರ್ಗಗಳು ಬಿಲ್ಲಿನಂತೆ ಬಾಗಿ ಕಾಣುವುದಕ್ಕೆ ಇದೇ ಕಾರಣ. ಆದರೆ ನಾನೂರು ಕಿಲೋಮೀಟರಿನ ಮಾರ್ಗದಲ್ಲಿ ಈ ಬಾಗುವಿಕೆಗೆ ಬೆಲೆಯೇ ಇಲ್ಲ. ನಮ್ಮ ಜೋಡಿಯ ಅಕ್ಷಾಂಶದಲ್ಲಿ ನೇರ ಪೂರ್ವಕ್ಕೆ 400 ಕಿಲೋಮೀಟರ್ ಹೋಗುವಾಗ ಮಹಾವೃತ್ತವನ್ನು ಬಿಟ್ಟು ಅಕ್ಷಾಂಶದ ಗೆರೆಯನ್ನು ಹಿಡಿದರೆ ಹೆಚ್ಚಾಗುವ ದೂರ ಐದಾರು ಮೀಟರ್, ಅಂದರೆ ಒಂದು ಕೋಣೆಯ ಉದ್ದ.

ಭೂಮಿ ಪರಿಪೂರ್ಣ ಗೋಳವಲ್ಲ ಎಂಬುದು ಇದಕ್ಕಿಂತ ದೊಡ್ಡ ಸಂಗತಿ. ಸಮಭಾಜಕದಲ್ಲಿ ಅದರ ತ್ರಿಜ್ಯ 6,378 ಕಿಲೋಮೀಟರ್, ಧ್ರುವದ ಕಡೆಗೆ 6,357. ಸುಮಾರು 21 ಕಿಲೋಮೀಟರಿನಷ್ಟು ಅದು ಚಪ್ಪಟೆಯಾಗಿದೆ. ಈ ಚಪ್ಪಟೆತನವನ್ನು ಲೆಕ್ಕಕ್ಕೆ ತೆಗೆದುಕೊಂಡು, ಜಿಪಿಎಸ್ ಬಳಸುವ ಭೂಮಾದರಿಯ ಪ್ರಕಾರ ಅಳೆದರೆ ನಮ್ಮ 396 ಕಿಲೋಮೀಟರ್ ಇಳಿದು 395ರ ಹತ್ತಿರ ಬರುತ್ತದೆ. ಒಂದೇ ಜೋಡಿ ನಿಲ್ದಾಣಗಳಿಗೆ ಎರಡು ಜಾಲತಾಣಗಳು ಒಂದೆರಡು ಕಿಲೋಮೀಟರ್ ವ್ಯತ್ಯಾಸದ ಉತ್ತರ ಕೊಟ್ಟರೆ ಯಾರೋ ಒಬ್ಬರು ತಪ್ಪು ಮಾಡಿದ್ದಾರೆ ಎಂದು ತಿಳಿಯಬೇಕಾಗಿಲ್ಲ. ಒಬ್ಬರು ಭೂಮಿಯನ್ನು ಚೆಂಡೆಂದು, ಇನ್ನೊಬ್ಬರು ಸ್ವಲ್ಪ ಅದುಮಿದ ಚೆಂಡೆಂದು ಭಾವಿಸಿದ್ದಾರೆ, ಅಷ್ಟೆ. ಇನ್ನು ಕೆಲವು ತಾಣಗಳು ದಶಾಂಶದ ನಂತರವೂ ಎರಡು ಅಂಕಿ ತೋರಿಸುತ್ತವೆ. ಆ ನಿಖರತೆ ಅಲಂಕಾರ ಮಾತ್ರ. ಪ್ರತಿಯೊಂದು ವಿಮಾನ ನಿಲ್ದಾಣಕ್ಕೂ ದಾಖಲೆಗಳಲ್ಲಿ ಒಂದು ಉಲ್ಲೇಖ ಬಿಂದುವಿರುತ್ತದೆ. ನಿಲ್ದಾಣವನ್ನು ಮೊದಲು ಯೋಜಿಸಿದಾಗ ಅದರ ಜಾಗದ ನಡುಮಧ್ಯವೆಂದು ಗುರುತಿಸಿದ ಬಿಂದು ಅದು; ನಂತರ ರನ್‌ವೇ ಉದ್ದವಾದರೂ ಹೊಸ ಟರ್ಮಿನಲ್ ಬಂದರೂ ಸಾಮಾನ್ಯವಾಗಿ ಅದನ್ನು ಕದಲಿಸುವುದಿಲ್ಲ. ದೂರವನ್ನು ಅಳೆಯುವುದು ಈ ಬಿಂದುವಿನಿಂದ ಆ ಬಿಂದುವಿಗೆ. ವಿಮಾನ ನೆಲ ಬಿಡುವುದು ಎರಡು ಮೂರು ಕಿಲೋಮೀಟರ್ ಉದ್ದದ ರನ್‌ವೇಯ ಎಲ್ಲೋ ಒಂದು ಕಡೆ ಎಂದ ಮೇಲೆ ದಶಾಂಶದ ನಂತರದ ಅಂಕಿಗಳಿಗೆ ಏನು ಅರ್ಥ?

ವಿಮಾನಯಾನದವರು ಈ ದೂರವನ್ನು ಕಿಲೋಮೀಟರಿನಲ್ಲಿ ಹೇಳುವುದಿಲ್ಲ. ಅವರ ಮಾನ ನಾಟಿಕಲ್ ಮೈಲಿ, ವೇಗಕ್ಕೆ ನಾಟ್. ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ. ಅಕ್ಷಾಂಶದ ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಬರುವ ಒಂದು ಮಿನಿಟಿನಷ್ಟು ದೂರವೇ ನಾಟಿಕಲ್ ಮೈಲಿಯ ಮೂಲ. 1929ರಲ್ಲಿ ಮೊನಾಕೊದಲ್ಲಿ ನಡೆದ ಅಂತರರಾಷ್ಟ್ರೀಯ ಜಲಮಾಪನ ಸಮ್ಮೇಳನ ಅದನ್ನು ಸರಿಯಾಗಿ 1,852 ಮೀಟರ್ ಎಂದು ನಿಗದಿ ಮಾಡಿತು. ನಕ್ಷೆಯ ಬದಿಯಲ್ಲಿರುವ ಅಕ್ಷಾಂಶದ ಗುರುತುಗಳೇ ಅಳತೆಪಟ್ಟಿಯಾಗುವುದರಿಂದ ಹಡಗಿನವರಿಗೂ ಪೈಲಟ್‌ಗಳಿಗೂ ಇದು ಒಗ್ಗಿಹೋಗಿದೆ. ನಮ್ಮ 396 ಕಿಲೋಮೀಟರ್ ಅವರ ಬಾಯಲ್ಲಿ 214 ನಾಟಿಕಲ್ ಮೈಲಿ. ನೆಲದ ಮೇಲೆ ಬಳಸುವ ಮೈಲಿ ಇದಕ್ಕಿಂತ ಚಿಕ್ಕದು, 1,609 ಮೀಟರ್. ಎರಡನ್ನು ಬೆರೆಸಿದರೆ ಲೆಕ್ಕ ಶೇ. 15ರಷ್ಟು ಹಳಿ ತಪ್ಪುತ್ತದೆ.

ಇಷ್ಟು ಹೊತ್ತು ಹೇಳಿದ್ದು ಯಾವ ವಿಮಾನವೂ ಹಾರದ ಗೆರೆಯ ಬಗ್ಗೆ. ನಿಜವಾದ ದಾರಿ ಆ ಗೆರೆಗಿಂತ ಉದ್ದವಾಗಿಯೇ ಇರುತ್ತದೆ, ಮತ್ತು ಉದ್ದವಾಗಲು ಶುರುವಾಗುವುದು ರನ್‌ವೇಯಿಂದಲೇ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಎದುರುಗಾಳಿಯಿದ್ದಾಗ ರೆಕ್ಕೆಗೆ ಬೇಕಾದ ವೇಗ ಕಡಿಮೆ ಓಟದಲ್ಲೇ ಸಿಗುತ್ತದೆ. ಈಗ ನಮ್ಮ ಮೊದಲ ನಿಲ್ದಾಣದ ರನ್‌ವೇ ಉತ್ತರ ದಕ್ಷಿಣವಾಗಿದೆ, ಹೋಗಬೇಕಾದ ಊರು ಉತ್ತರದಲ್ಲಿದೆ, ಗಾಳಿ ದಕ್ಷಿಣದಿಂದ ಬೀಸುತ್ತಿದೆ ಎಂದುಕೊಳ್ಳಿ. ವಿಮಾನ ಗುರಿಗೆ ಬೆನ್ನು ಹಾಕಿ ದಕ್ಷಿಣಕ್ಕೆ ಏರುತ್ತದೆ, ಸಾಕಷ್ಟು ಎತ್ತರ ಸಿಕ್ಕ ಮೇಲೆ ದೊಡ್ಡದಾಗಿ ತಿರುಗಿ ಉತ್ತರಕ್ಕೆ ಮುಖ ಮಾಡುತ್ತದೆ. ಆ ಹೊತ್ತಿಗೆ ಹತ್ತು ಹದಿನೈದು ಕಿಲೋಮೀಟರ್ ಹಾರಿರುತ್ತದೆ, ಆದರೆ ಗುರಿಗೆ ಒಂದು ಮೀಟರ್ ಕೂಡ ಹತ್ತಿರವಾಗಿರುವುದಿಲ್ಲ. ಕಿಟಕಿಯ ಪಕ್ಕದ ಸೀಟಿನಲ್ಲಿ ಕುಳಿತವರು ಈಗಷ್ಟೇ ಬಿಟ್ಟುಬಂದ ರನ್‌ವೇಯನ್ನು ಕೆಳಗೆ ಮತ್ತೊಮ್ಮೆ ಕಂಡಿದ್ದರೆ, ಅದು ಈ ತಿರುವಿನ ಫಲ.

ನಡುವಿನ ದಾರಿಯೂ ಪೈಲಟ್‌ನ ಇಷ್ಟದಂತೆ ಇರುವುದಿಲ್ಲ. ಆಕಾಶದಲ್ಲಿ ಮಾರ್ಗಬಿಂದುಗಳಿವೆ, ಐದು ಅಕ್ಷರಗಳ, ಉಚ್ಚರಿಸಲು ಬರುವಂಥ ಆದರೆ ಸಾಮಾನ್ಯವಾಗಿ ಯಾವ ಅರ್ಥವೂ ಇಲ್ಲದ ಹೆಸರುಗಳನ್ನು ಅವುಗಳಿಗೆ ಇಟ್ಟಿರುತ್ತಾರೆ. ನಿಲ್ದಾಣದಿಂದ ಹೊರಡಲು ನಿಗದಿಯಾದ ನಿರ್ಗಮನ ಮಾರ್ಗ, ಬಿಂದುವಿನಿಂದ ಬಿಂದುವಿಗೆ ಸಾಗುವ ವಾಯುಮಾರ್ಗ, ಕೊನೆಗೆ ಆಗಮನ ಮಾರ್ಗ, ಹೀಗೆ ಹೊಲಿದ ತುಂಡುಗಳಿಂದ ದಾರಿ ಆಗುತ್ತದೆ. ಸೇನೆಗೆ ಮೀಸಲಾದ ವಾಯುಪ್ರದೇಶ ಅಡ್ಡ ಬಂದರೆ ಸುತ್ತಬೇಕು, ಗುಡುಗಿನ ಮೋಡ ಅಡ್ಡ ಬಂದರೂ ಸುತ್ತಬೇಕು. ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ನಿಯಂತ್ರಕರು ಕೆಲವೊಮ್ಮೆ ಎರಡು ಮೂರು ಬಿಂದುಗಳನ್ನು ಬಿಟ್ಟು ನೇರ ಹೋಗಲು ಬಿಡುವುದೂ ಉಂಟು. ಒಟ್ಟಾರೆ ನಮ್ಮ 396 ಕಿಲೋಮೀಟರ್ ಹಾರುವಾಗ 430 ಆಯಿತು ಎಂದಿಟ್ಟುಕೊಂಡರೆ ಅತಿಶಯವಲ್ಲ. ಸುತ್ತುಬಳಸಿನ ದೊಡ್ಡ ಉದಾಹರಣೆ ಬೇಕಿದ್ದರೆ ಹೆಲ್ಸಿಂಕಿ ಮತ್ತು ಟೋಕಿಯೊ ನಡುವಿನ ಹಾರಾಟವನ್ನು ನೋಡಬಹುದು: 2022ರಲ್ಲಿ ರಷ್ಯಾದ ವಾಯುಪ್ರದೇಶ ಮುಚ್ಚಿದ ಮೇಲೆ, ಒಂಬತ್ತೂವರೆ ಗಂಟೆಯ ಆಸುಪಾಸಿನಲ್ಲಿದ್ದ ಪ್ರಯಾಣ ಹದಿಮೂರು ಗಂಟೆಯ ಹತ್ತಿರಕ್ಕೆ ಹೋಯಿತು. ಎರಡು ನಗರಗಳ ನಡುವಿನ ದೂರ ಒಂದಿಂಚೂ ಬದಲಾಗಿರಲಿಲ್ಲ.

ದೂರದ ಕಥೆ ಹೀಗಾದರೆ ವೇಗದ ಕಥೆ ಇನ್ನೂ ಗೋಜಲಿನದು, ಏಕೆಂದರೆ ಒಂದೇ ವಿಮಾನಕ್ಕೆ ಒಂದೇ ಕ್ಷಣದಲ್ಲಿ ಮೂರು ವೇಗಗಳಿರುತ್ತವೆ. ಕಾಕ್‌ಪಿಟ್‌ನ ಮಾಪಕ ತೋರಿಸುವುದು ರೆಕ್ಕೆಗೆ ಬಡಿಯುವ ಗಾಳಿಯ ಒತ್ತಡದಿಂದ ಲೆಕ್ಕ ಹಾಕಿದ ವೇಗ. ವಿಮಾನ ಬೀಳದೆ ಹಾರುತ್ತಿರಲು ಮುಖ್ಯವಾದದ್ದು ಇದು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಸುಮಾರು ಐದೂವರೆ ಕಿಲೋಮೀಟರ್ ಎತ್ತರದಲ್ಲಿ ವಾಯುಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುತ್ತದೆ. ತೆಳು ಗಾಳಿಯಲ್ಲಿ ಅದೇ ಒತ್ತಡ ಹುಟ್ಟಬೇಕಾದರೆ ವಿಮಾನ ಇನ್ನೂ ವೇಗವಾಗಿ ಹೋಗಬೇಕು. ಹೀಗಾಗಿ ಮಾಪಕ ತೋರಿಸುವುದಕ್ಕಿಂತ ಗಾಳಿಯ ಮೂಲಕ ಸಾಗುವ ನಿಜವೇಗ ಮೇಲೆ ಹೋದಷ್ಟೂ ಹೆಚ್ಚು. ಇದು ಎರಡನೆಯ ವೇಗ, ತಯಾರಕರು ಹೇಳಿಕೊಳ್ಳುವುದು ಇದನ್ನೇ. ಮೂರನೆಯದು ನೆಲಕ್ಕೆ ಹೋಲಿಸಿದ ವೇಗ. ಪ್ರಯಾಣಿಕನ ಗಡಿಯಾರಕ್ಕೆ ಸಂಬಂಧವಿರುವುದು ಈ ಕೊನೆಯದಕ್ಕೆ ಮಾತ್ರ.

ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ನಿಂತಿರುವುದು ಗಾಳಿ. ವಿಮಾನ ಗಾಳಿಯೊಳಗೆ ಹಾರುತ್ತದೆ, ಆ ಗಾಳಿ ನೆಲದ ಮೇಲೆ ತಾನೇ ಜಾರುತ್ತಿರುತ್ತದೆ; ಹರಿಯುವ ಹೊಳೆಯಲ್ಲಿ ಹುಟ್ಟು ಹಾಕುವ ದೋಣಿಯ ಹಾಗೆ. 2020ರ ಫೆಬ್ರವರಿಯಲ್ಲಿ ಅಟ್ಲಾಂಟಿಕ್ ಮೇಲೆ ಸಿಯಾರಾ ಚಂಡಮಾರುತದ ಹೊತ್ತಿನಲ್ಲಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂತು. ನೆಲಕ್ಕೆ ಹೋಲಿಸಿದ ಅದರ ವೇಗ ಒಂದು ಹಂತದಲ್ಲಿ ಗಂಟೆಗೆ 1,300 ಕಿಲೋಮೀಟರ್ ದಾಟಿತ್ತು. ಆ ಎತ್ತರದ ಚಳಿಯಲ್ಲಿ ಶಬ್ದದ ವೇಗ ಗಂಟೆಗೆ 1,060 ಕಿಲೋಮೀಟರ್ ಆಸುಪಾಸಿನಲ್ಲಿರುತ್ತದೆ. ಹಾಗಾದರೆ ಆ ಸಾಧಾರಣ ಪ್ರಯಾಣಿಕ ವಿಮಾನ ಶಬ್ದವನ್ನು ಮೀರಿತೇ? ಇಲ್ಲ. ತನ್ನನ್ನು ಸುತ್ತುವರಿದ ಗಾಳಿಗೆ ಹೋಲಿಸಿದರೆ ಅದು ಎಂದಿನ ವೇಗದಲ್ಲೇ ಹಾರುತ್ತಿತ್ತು. ಆ ಗಾಳಿಯೇ ಪೂರ್ವಕ್ಕೆ ಧಾವಿಸುತ್ತಿತ್ತು.

ಇಲ್ಲೊಂದು ಹಳೆಯ ಗೊಂದಲವನ್ನು ಬದಿಗಿಡಬೇಕು. ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮಕ್ಕೆ ಹೋಗುವ ವಿಮಾನಕ್ಕೆ ಊರೇ ಎದುರು ಬಂದಂತಾಗಿ ಬೇಗ ತಲುಪಬೇಕಲ್ಲವೇ ಎಂದು ಹಲವರು ಕೇಳುತ್ತಾರೆ. ಸಮಭಾಜಕದಲ್ಲಿ ಭೂಮಿಯ ಮೇಲ್ಮೈ ಗಂಟೆಗೆ ಸುಮಾರು 1,670 ಕಿಲೋಮೀಟರ್ ವೇಗದಲ್ಲಿ ತಿರುಗುತ್ತದೆ ನಿಜ, ಆದರೆ ವಾತಾವರಣವೂ ಜೊತೆಗೇ ತಿರುಗುತ್ತದೆ. ತಿರುಗದೇ ಇದ್ದಿದ್ದರೆ ಸಮಭಾಜಕದಲ್ಲಿ ನಿಂತವರ ಮುಖಕ್ಕೆ ಸದಾ ಅಷ್ಟೇ ವೇಗದ ಗಾಳಿ ಬಡಿಯುತ್ತಿತ್ತು. ಪೂರ್ವ ಪಶ್ಚಿಮಗಳ ನಡುವೆ ಸಮಯದ ವ್ಯತ್ಯಾಸ ಬರುವುದು ಮಧ್ಯ ಅಕ್ಷಾಂಶಗಳಲ್ಲಿ, ಹತ್ತು ಕಿಲೋಮೀಟರಿನ ಆಸುಪಾಸಿನ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆಯಿಂದ. ಚಳಿಗಾಲದಲ್ಲಿ ಅದರ ಬಿರುಸು ಹೆಚ್ಚು.

ಗಾಳಿಯ ಬಗ್ಗೆ ಇನ್ನೊಂದು ಮಾತು, ನನ್ನ ಮಟ್ಟಿಗೆ ಈ ವಿಷಯದಲ್ಲೇ ಅತಿ ಸ್ವಾರಸ್ಯವಾದದ್ದು. ಹೋಗುವಾಗ ಹಿಂದಿನಿಂದ ತಳ್ಳಿದ ಗಾಳಿ ಬರುವಾಗ ಎದುರಿನಿಂದ ತಡೆಯುತ್ತದೆ, ಲಾಭನಷ್ಟ ಸರಿಹೋಗುತ್ತದೆ ಎಂದು ಯಾರಾದರೂ ಭಾವಿಸುವಂತಿದೆ. ಲೆಕ್ಕ ಹಾಗೆ ಹೇಳುವುದಿಲ್ಲ. 500 ಕಿಲೋಮೀಟರ್ ದೂರ, ಗಂಟೆಗೆ 500 ಕಿಲೋಮೀಟರ್ ವೇಗದ ವಿಮಾನ, ಗಾಳಿಯಿಲ್ಲ: ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ. ಈಗ ಗಂಟೆಗೆ 100 ಕಿಲೋಮೀಟರಿನ ಗಾಳಿ ಬೀಸಲಿ. ಹೋಗುವಾಗ ವೇಗ 600, ಸಮಯ 50 ನಿಮಿಷ. ಬರುವಾಗ ವೇಗ 400, ಸಮಯ 75 ನಿಮಿಷ. ಒಟ್ಟು 125 ನಿಮಿಷ, ಗಾಳಿಯಿಲ್ಲದಾಗಿನದಕ್ಕಿಂತ ಐದು ನಿಮಿಷ ಹೆಚ್ಚು. ಅನುಕೂಲದ ಗಾಳಿಯಲ್ಲಿ ವಿಮಾನ ಕಳೆಯುವ ಸಮಯ ಕಡಿಮೆ, ಪ್ರತಿಕೂಲದ ಗಾಳಿಯಲ್ಲಿ ಸಿಕ್ಕಿಬೀಳುವ ಸಮಯ ಹೆಚ್ಚು; ಆದ್ದರಿಂದ ನಷ್ಟವೇ ಗೆಲ್ಲುತ್ತದೆ. ನೇರವಾಗಿ ಪಕ್ಕದಿಂದ ಬೀಸುವ ಗಾಳಿ ಕೂಡ ಸುಮ್ಮನೆ ಬಿಡುವುದಿಲ್ಲ. ದಾರಿ ತಪ್ಪದಿರಲು ವಿಮಾನ ಮೂತಿಯನ್ನು ಸ್ವಲ್ಪ ಗಾಳಿಯ ಕಡೆಗೆ ತಿರುಗಿಸಿ ಏಡಿಯಂತೆ ಓರೆಯಾಗಿ ಸಾಗಬೇಕಾಗುತ್ತದೆ, ಆಗ 500ರ ವೇಗದಲ್ಲಿ ಗುರಿಯ ಕಡೆಗೆ ಒದಗುವುದು 490 ಮಾತ್ರ.

ಈಗ ನಮ್ಮ 430 ಕಿಲೋಮೀಟರ್ ಹಾರಾಟವನ್ನು ನಿಮಿಷ ನಿಮಿಷವಾಗಿ ಬಿಚ್ಚೋಣ. ಇಂಥ ಮಾರ್ಗಗಳಲ್ಲಿ ಸಾಮಾನ್ಯವಾಗಿ ಓಡುವುದು ಎಟಿಆರ್ 72 ಮಾದರಿಯ ಟರ್ಬೊಪ್ರಾಪ್: ರೆಕ್ಕೆಯ ಮೇಲೆ ಎರಡು ಪ್ರೊಪೆಲರ್, ಸುಮಾರು 70 ಸೀಟು, ಸಮತಲ ಹಾರಾಟದಲ್ಲಿ ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗ. ಗಾಳಿಯನ್ನು ಸದ್ಯಕ್ಕೆ ಮರೆಯೋಣ. 18,000 ಅಡಿಗೆ ಏರಬೇಕು, ನಿಮಿಷಕ್ಕೆ ಸರಾಸರಿ 1,000 ಅಡಿ ಏರಿದರೆ 18 ನಿಮಿಷ. ಏರುವಾಗ ವೇಗ ಕಡಿಮೆ, ಗಂಟೆಗೆ 350 ಕಿಲೋಮೀಟರ್ ಎಂದಿಟ್ಟರೆ ಅಷ್ಟರಲ್ಲಿ 105 ಕಿಲೋಮೀಟರ್ ಸಾಗಿರುತ್ತದೆ. ಇಳಿಯುವುದಕ್ಕೆ ಪೈಲಟ್‌ಗಳ ಬಾಯಲ್ಲಿ ಒಂದು ಸುಲಭ ಸೂತ್ರವಿದೆ: ಪ್ರತಿ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ. 18,000 ಅಡಿಗೆ 54 ನಾಟಿಕಲ್ ಮೈಲಿ, ಅಂದರೆ ಸರಿಯಾಗಿ 100 ಕಿಲೋಮೀಟರ್; ಗಂಟೆಗೆ 400ರ ಸರಾಸರಿಯಲ್ಲಿ 15 ನಿಮಿಷ. ನಡುವೆ ಉಳಿದದ್ದು 225 ಕಿಲೋಮೀಟರ್, 500ರ ವೇಗದಲ್ಲಿ 27 ನಿಮಿಷ. ಒಟ್ಟು ಗಾಳಿಯಲ್ಲಿದ್ದದ್ದು ಒಂದು ಗಂಟೆ. ಅದರಲ್ಲಿ ವಿಮಾನ ತನ್ನ ಘೋಷಿತ ವೇಗದಲ್ಲಿದ್ದದ್ದು ಅರ್ಧಕ್ಕಿಂತ ಕಡಿಮೆ. ಇದಕ್ಕೆ ರನ್‌ವೇ ತನಕ ಉರುಳುವ ಹತ್ತು ನಿಮಿಷ, ಇಳಿದ ಮೇಲೆ ಏಪ್ರನ್‌ಗೆ, ಅಂದರೆ ವಿಮಾನ ನಿಲ್ಲುವ ಅಂಗಳಕ್ಕೆ, ಬರುವ ಐದು ನಿಮಿಷ ಸೇರಿಸಿದರೆ ಒಂದೂಕಾಲು ಗಂಟೆ ಆಯಿತು. 396 ಕಿಲೋಮೀಟರನ್ನು 75 ನಿಮಿಷದಿಂದ ಭಾಗಿಸಿದರೆ ಗಂಟೆಗೆ 317 ಕಿಲೋಮೀಟರ್ ಬರುತ್ತದೆ. ಆಕಾಶದಲ್ಲಿ 500ರಲ್ಲಿ ಹಾರುವ ವಿಮಾನದ ಬಾಗಿಲಿನಿಂದ ಬಾಗಿಲಿಗೆ ಸಿಗುವ ವೇಗ ಇದು.

ಅದೇ ಮಾರ್ಗಕ್ಕೆ ಜೆಟ್ ಹಾಕಿದರೆ? ಗಂಟೆಗೆ 820 ಕಿಲೋಮೀಟರ್ ಹಾರುವ ಜೆಟ್ 28,000 ಅಡಿಗೆ ಏರಲು 14 ನಿಮಿಷ ಮತ್ತು 140 ಕಿಲೋಮೀಟರ್, ಇಳಿಯಲು 156 ಕಿಲೋಮೀಟರ್ ಮತ್ತು 17 ನಿಮಿಷ ತೆಗೆದುಕೊಂಡಿತು ಎನ್ನೋಣ. ನಡುವೆ ಉಳಿಯುವುದು 134 ಕಿಲೋಮೀಟರ್, ಹತ್ತು ನಿಮಿಷದ ಹಾರಾಟ. ಏರಿದ ಮೇಲೆ ಕಾಫಿ ಕಪ್ ಕೈಗೆ ಬರುವ ಮೊದಲೇ ಇಳಿಯುವ ಘೋಷಣೆ ಬಂದಿರುತ್ತದೆ. ನೆಲದ ಮೇಲಿನ 15 ನಿಮಿಷ ಸೇರಿ 56 ನಿಮಿಷ. ಸಮತಲ ಹಾರಾಟದಲ್ಲಿ ಜೆಟ್‌ನ ವೇಗ ಶೇ. 64ರಷ್ಟು ಹೆಚ್ಚು, ಆದರೆ ಉಳಿಸಿದ ಸಮಯ ಶೇ. 25 ಮಾತ್ರ, ಹತ್ತೊಂಬತ್ತು ನಿಮಿಷ. ಅದಕ್ಕಾಗಿ ಸುಡುವ ಇಂಧನ ಬಹಳ ಹೆಚ್ಚು. ಸಣ್ಣ ಮಾರ್ಗಗಳಲ್ಲಿ ಹಳೆಯ ಕಾಲದ್ದೆಂದು ಕಾಣುವ ಪ್ರೊಪೆಲರ್ ವಿಮಾನಗಳು ಇನ್ನೂ ಉಳಿದಿರುವುದರ ಗುಟ್ಟು ಈ ಹತ್ತೊಂಬತ್ತು ನಿಮಿಷದಲ್ಲಿದೆ. ಇಳಿತದ ಹಂತದಲ್ಲಿ ಜೆಟ್ ತನ್ನ ವೇಗವನ್ನು ತೋರಿಸಲೂ ಆಗುವುದಿಲ್ಲ. 10,000 ಅಡಿಯ ಕೆಳಗೆ 250 ನಾಟ್ ಮೀರಬಾರದೆಂಬ ಮಿತಿ ಅನೇಕ ದೇಶಗಳಲ್ಲಿದೆ.

ಇದೇ ಲೆಕ್ಕದಿಂದ ಇನ್ನೊಂದು ವಿಷಯ ತಾನಾಗಿ ಹೊರಬೀಳುತ್ತದೆ. ದೂರ ಇನ್ನೂ 400 ಕಿಲೋಮೀಟರ್ ಹೆಚ್ಚಾದರೆ ಏರುವ, ಇಳಿಯುವ, ಉರುಳುವ ಸಮಯ ಹೆಚ್ಚಾಗುವುದಿಲ್ಲ, ನಡುವಿನ ಹಾರಾಟ ಮಾತ್ರ ಬೆಳೆಯುತ್ತದೆ. ಟರ್ಬೊಪ್ರಾಪ್‌ಗೆ 48 ನಿಮಿಷ ಸೇರಿ 2 ಗಂಟೆ 3 ನಿಮಿಷ ಆಗುತ್ತದೆ, ಜೆಟ್‌ಗೆ 29 ನಿಮಿಷ ಸೇರಿ 1 ಗಂಟೆ 25 ನಿಮಿಷ. ದೂರ ಎರಡರಷ್ಟಾದರೂ ಸಮಯ ಎರಡರಷ್ಟಾಗಲಿಲ್ಲ. ವಿರುದ್ಧ ದಿಕ್ಕಿನಲ್ಲಿ, ದೂರವನ್ನು ತಗ್ಗಿಸುತ್ತಾ ಹೋದರೆ ನಡುವಿನ ತುಂಡೇ ಮಾಯವಾಗುತ್ತದೆ. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್‌ರೇ ಮತ್ತು ಪಾಪಾ ವೆಸ್ಟ್‌ರೇ ನಡುವೆ ಲೋಗನ್‌ಏರ್ 1967ರಿಂದ ಹಾರಿಸುತ್ತಿರುವ ಪುಟ್ಟ ಐಲ್ಯಾಂಡರ್ ವಿಮಾನ ಕ್ರಮಿಸುವುದು ಸುಮಾರು 2.7 ಕಿಲೋಮೀಟರ್, ವೇಳಾಪಟ್ಟಿಯಲ್ಲಿ ಅದಕ್ಕೆ ಎರಡು ನಿಮಿಷದಷ್ಟು ಸಮಯ, ಗಾಳಿ ಕೂಡಿಬಂದ ದಿನದ ದಾಖಲೆ 53 ಸೆಕೆಂಡ್. ಅಲ್ಲಿ ಸಮತಲ ಹಾರಾಟವೆಂಬುದೇ ಇಲ್ಲ ಎನ್ನಬಹುದು, ಏರಿದ ಉಸಿರಿನಲ್ಲೇ ಇಳಿತ.

ಟಿಕೆಟ್ಟಿನ ಮೇಲಿರುವ ಸಮಯ ಇದಾವುದೂ ಅಲ್ಲ. ವಿಮಾನದ ಚಕ್ರಕ್ಕೆ ಒತ್ತಿಟ್ಟ ಅಡ್ಡಗಟ್ಟಿಗಳನ್ನು ತೆಗೆದು ಅದು ಕದಲಿದ ಕ್ಷಣದಿಂದ, ಗುರಿಯಲ್ಲಿ ನಿಂತು ಮತ್ತೆ ಅಡ್ಡಗಟ್ಟಿ ಇಡುವ ಕ್ಷಣದವರೆಗಿನದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ಟಿಕೆಟ್ಟಿನಲ್ಲಿರುವುದು ಅದರ ಯೋಜಿತ ರೂಪ. ಪ್ರತಿ ಹಾರಾಟದಲ್ಲೂ ನಾಲ್ಕು ಕ್ಷಣಗಳು ದಾಖಲಾಗುತ್ತವೆ: ಕದಲಿದ್ದು, ನೆಲ ಬಿಟ್ಟದ್ದು, ನೆಲ ಮುಟ್ಟಿದ್ದು, ನಿಂತದ್ದು. ಹಿಂದಿನ ಋತುವಿನ ಇಂಥ ದಾಖಲೆಗಳನ್ನು ಗುಡ್ಡೆ ಹಾಕಿ, ಬಹುಪಾಲು ಹಾರಾಟಗಳು ಒಳಗೇ ಮುಗಿಯುವಂಥ ಒಂದು ಸಮಯವನ್ನು ಸಂಸ್ಥೆಗಳು ಆರಿಸುತ್ತವೆ. ಅದರಲ್ಲಿ ಸ್ವಲ್ಪ ಹೆಚ್ಚುವರಿ ಸಮಯದ ಹೊದಿಕೆ ಇರುತ್ತದೆ ಎಂಬುದು ಗುಟ್ಟೇನಲ್ಲ: ಹದಿನೈದು ನಿಮಿಷದವರೆಗಿನ ತಡವನ್ನು ಸಮಯಕ್ಕೆ ಸರಿಯಾಗಿ ಬಂದಂತೆಯೇ ಎಣಿಸುವುದು ವಾಡಿಕೆ, ಅದರ ಮೇಲೆ ಈ ಹೊದಿಕೆ ಬೇರೆ. ಹತ್ತು ನಿಮಿಷ ತಡವಾಗಿ ಹೊರಟ ವಿಮಾನ ಐದು ನಿಮಿಷ ಮೊದಲೇ ಬಂದು ನಿಂತಾಗ ಪೈಲಟ್ ಜೋರಾಗಿ ಓಡಿಸಿದ ಎಂದು ಮೆಚ್ಚುವವರು ನಿಜಕ್ಕೂ ಮೆಚ್ಚಬೇಕಾದದ್ದು ವೇಳಾಪಟ್ಟಿ ಬರೆದವರನ್ನು.

ಆ ಹೊದಿಕೆ ಪೂರಾ ಕಪಟವೂ ಅಲ್ಲ. ಇಳಿಯುವ ನಿಲ್ದಾಣದಲ್ಲಿ ಮುಂದೆ ವಿಮಾನಗಳಿದ್ದರೆ ನಿಯಂತ್ರಕರು ಕಾಯಲು ಹೇಳುತ್ತಾರೆ. ಆಕಾಶದಲ್ಲಿ ನಿಂತು ಕಾಯಲಾಗದು. ಓಟದ ಮೈದಾನದ ಆಕಾರದಲ್ಲಿ ಸುತ್ತು ಹಾಕಬೇಕು. ಒಂದು ನಿಮಿಷ ನೇರ, ಒಂದು ನಿಮಿಷ ತಿರುವು, ಮತ್ತೆ ಒಂದು ನಿಮಿಷ ನೇರ, ಮತ್ತೊಂದು ನಿಮಿಷ ತಿರುವು; ಒಂದು ಸುತ್ತಿಗೆ ನಾಲ್ಕು ನಿಮಿಷ. ಮೂರು ಸುತ್ತು ಹಾಕಿಸಿದರೆ ನಮ್ಮ ಹಾರಾಟಕ್ಕೆ ಹನ್ನೆರಡು ನಿಮಿಷ ಸೇರಿತು, ಅಂದರೆ ನೂರು ಕಿಲೋಮೀಟರ್ ದೂರ ಹೆಚ್ಚಿದಷ್ಟೇ ಆಯಿತು. ಗಾಳಿಯ ಪಾಲನ್ನೂ ವೇಳಾಪಟ್ಟಿಯಲ್ಲೇ ಇಟ್ಟಿರುತ್ತಾರೆ. ಮೇಲಿನ ಲೆಕ್ಕದ 225 ಕಿಲೋಮೀಟರ್ ತುಂಡಿನಲ್ಲಿ ಗಂಟೆಗೆ 60 ಕಿಲೋಮೀಟರಿನ ಗಾಳಿಯಿದ್ದರೆ ಒಂದು ದಿಕ್ಕಿಗೆ 24 ನಿಮಿಷ, ಇನ್ನೊಂದು ದಿಕ್ಕಿಗೆ 31 ನಿಮಿಷ ಬೇಕಾಗುತ್ತದೆ. ಹೋಗುವ ಟಿಕೆಟ್ಟಿನಲ್ಲಿ 1 ಗಂಟೆ 10 ನಿಮಿಷ, ಬರುವ ಟಿಕೆಟ್ಟಿನಲ್ಲಿ 1 ಗಂಟೆ 20 ನಿಮಿಷ ಎಂದಿದ್ದರೆ ಅದು ಮುದ್ರಣದೋಷವಲ್ಲ. ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಜಗತ್ತಿನ ವೇಳಾಪಟ್ಟಿಗಳು ಬೇಸಿಗೆ, ಚಳಿಗಾಲಗಳ ನಡುವೆ ಬದಲಾಗುವಾಗ ಈ ಅಂಕಿಗಳೂ ಅಲ್ಲಲ್ಲಿ ಕದಲುತ್ತವೆ. ಎರಡು ನಿಲ್ದಾಣಗಳು ಬೇರೆ ಬೇರೆ ಕಾಲವಲಯಗಳಲ್ಲಿದ್ದರೆ 9.10ಕ್ಕೆ ಹೊರಟು 9.20ಕ್ಕೆ ತಲುಪುವ ಚಮತ್ಕಾರವೂ ಕಾಣಬಹುದು. ಪೈಲಟ್‌ಗಳು ಎಲ್ಲವನ್ನೂ ಒಂದೇ ಜಾಗತಿಕ ಕಾಲಮಾನದಲ್ಲಿ ಬರೆಯುವುದರಿಂದ ಅವರಿಗೆ ಈ ತೊಡಕಿಲ್ಲ.

ಇನ್ನು ದೂರ ಲೆಕ್ಕಕದ ಕಡೆಗೆ ಹಿಂತಿರುಗಿದರೆ, ಅದು ನಮ್ಮ ಜೋಡಿಗೆ ಏನು ಹೇಳಬಹುದೆಂದು ಊಹಿಸುವುದು ಕಷ್ಟವಲ್ಲ. ಇಂಥ ತಾಣಗಳು ಹೆಚ್ಚಾಗಿ ಗಂಟೆಗೆ 800 ಕಿಲೋಮೀಟರಿನಂಥ ಒಂದೇ ವೇಗವನ್ನು ಎಲ್ಲ ಮಾರ್ಗಗಳಿಗೂ ಹಿಡಿದು, ಏರಿಳಿತಕ್ಕೆಂದು ಅರ್ಧ ಗಂಟೆ ಸೇರಿಸುತ್ತವೆ. 396 ಕಿಲೋಮೀಟರಿಗೆ ಉತ್ತರ ಸುಮಾರು ಒಂದು ಗಂಟೆ. ಜೆಟ್‌ಗೆ ಹತ್ತಿರವೇ, ಟರ್ಬೊಪ್ರಾಪ್‌ಗೆ ಕಾಲು ಗಂಟೆ ಕಡಿಮೆ. ಆದರೆ ಅದಕ್ಕಿಂತ ದೊಡ್ಡ ತಪ್ಪು ಬೇರೆ ಕಡೆಗಿದೆ. ಆ ಎರಡು ನಿಲ್ದಾಣಗಳ ನಡುವೆ ವಿಮಾನವೇ ಇದೆಯೇ ಎಂದು ಲೆಕ್ಕಕ ಕೇಳಿಕೊಳ್ಳುವುದಿಲ್ಲ. ಎರಡೂ ಸಣ್ಣ ನಿಲ್ದಾಣಗಳಾದಾಗ ನೇರ ಹಾರಾಟ ಇಲ್ಲದಿರುವುದೇ ಹೆಚ್ಚು, ಏಕೆಂದರೆ ದಿನಕ್ಕೊಂದು ವಿಮಾನದ 70 ಸೀಟು ತುಂಬುವಷ್ಟು ಜನ ಅಲ್ಲಿಂದ ಅಲ್ಲಿಗೇ ಹೋಗುವವರಿರಬೇಕು. ಹಾಗಾಗಿ ಪ್ರಯಾಣಿಕ ದೊಡ್ಡ ನಿಲ್ದಾಣವೊಂದಕ್ಕೆ ಹೋಗಿ ಅಲ್ಲಿಂದ ಇನ್ನೊಂದು ವಿಮಾನ ಹಿಡಿಯುತ್ತಾನೆ. ಆ ದೊಡ್ಡ ನಿಲ್ದಾಣ ಒಂದರಿಂದ 500, ಇನ್ನೊಂದರಿಂದ 450 ಕಿಲೋಮೀಟರ್ ದೂರದಲ್ಲಿದ್ದರೆ ಒಂದೂವರೆ ಗಂಟೆಯ ಒಂದು ಹಾರಾಟ, ಒಂದು ಗಂಟೆ 20 ನಿಮಿಷದ ಇನ್ನೊಂದು, ನಡುವೆ ಒಂದೂವರೆ ಗಂಟೆಯ ಕಾಯುವಿಕೆ. ಹಾರಿದ ದೂರ 950 ಕಿಲೋಮೀಟರ್, ಕಳೆದ ಸಮಯ ನಾಲ್ಕು ಗಂಟೆ 20 ನಿಮಿಷ; ಎರಡನೆಯ ವಿಮಾನ ಸಂಜೆಗೆ ಮಾತ್ರ ಇದ್ದರೆ ಇಡೀ ದಿನ. ರಸ್ತೆಯಲ್ಲಿ ಅದೇ ಎರಡು ಊರುಗಳ ನಡುವೆ 500 ಕಿಲೋಮೀಟರ್ ಇದ್ದು ಗಂಟೆಗೆ 60ರ ಸರಾಸರಿ ಸಿಕ್ಕರೆ ಎಂಟೂ ಕಾಲು ಗಂಟೆಯ ಸುಮಾರಿಗೆ ಮನೆಬಾಗಿಲಿಗೇ ತಲುಪಬಹುದು. ಮನೆಯಿಂದ ನಿಲ್ದಾಣಕ್ಕೆ ಹೋಗುವ ಸಮಯ, ಹೊರಡುವುದಕ್ಕೆ ಮುಂಚಿನ ತಪಾಸಣೆ, ಇಳಿದ ಮೇಲೆ ಊರಿನೊಳಕ್ಕೆ ಬರುವ ಸಮಯ ಮೂರನ್ನೂ ಆ ನಾಲ್ಕು ಗಂಟೆ 20 ನಿಮಿಷಕ್ಕೆ ಕೂಡಿದ ಮೇಲೆಯೇ ಎರಡನ್ನು ಪಕ್ಕದಲ್ಲಿಟ್ಟು ನೋಡಲು ಬರುತ್ತದೆ.